ಸಮ್ಮರ್ ರಿಸರ್ಚ್ ಫೆಲೋಶಿಪ್ ಅರ್ಜಿಗೆ ಬರಹ: ನನ್ನ ಹತ್ತಿರ ಬರೆಯುವಂಥದ್ದು ಏನಿದೆ?

ಅಡಿಕೆ ತೋಟದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಬಿಎಸ್ಸಿ ಎರಡನೇ ವರ್ಷ, ಕೆಮಿಸ್ಟ್ರಿ ಮತ್ತು ಬಾಟನಿ. ಬೆಂಗಳೂರು, ದೆಹಲಿ, ಪ್ರಯಾಗ್‌ರಾಜ್‌ನ ಮೂರು ಸೈನ್ಸ್ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ರಿಸರ್ಚ್ ಫೆಲೋಶಿಪ್‌ಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ಸಿಕ್ಕರೆ ಎರಡು ತಿಂಗಳು ಒಬ್ಬ ವಿಜ್ಞಾನಿಯ ಲ್ಯಾಬ್‌ನಲ್ಲಿ ಕೆಲಸ. ಮಾರ್ಕ್ಸ್ ಕಾರ್ಡ್ ರೆಡಿ ಇದೆ, ಶಿಫಾರಸು ಪತ್ರ ಕೊಡಲು ಸರ್ ಒಪ್ಪಿದ್ದಾರೆ. ಯಾಕೆ ಬರಬೇಕು, ಬಂದು ಏನು ಮಾಡುತ್ತೀರಿ ಅಂತ ಒಂದು ಚಿಕ್ಕ ಬರಹ ಕೊಡಬೇಕಲ್ಲ, ಅಲ್ಲೇ ನಿಂತುಬಿಟ್ಟಿದ್ದೇನೆ.

ಇಷ್ಟು ಬರೆದಿದ್ದೇನೆ: "ಚಿಕ್ಕಂದಿನಿಂದಲೂ ನನಗೆ ವಿಜ್ಞಾನವೆಂದರೆ ಅಪಾರ ಆಸಕ್ತಿ. ಸರ್ ಸಿ.ವಿ. ರಾಮನ್ ಅವರ ಜೀವನ ನನಗೆ ಸ್ಫೂರ್ತಿ. ನ್ಯಾನೋ ತಂತ್ರಜ್ಞಾನದಲ್ಲಿ ಸಂಶೋಧನೆ ಮಾಡಿ ದೇಶಕ್ಕೆ ಕೊಡುಗೆ ನೀಡುವುದು ನನ್ನ ಕನಸು."

ಮುಂದೆ ಒಂದು ಸಾಲೂ ಬರುತ್ತಿಲ್ಲ. ನಾನು ಒಲಿಂಪಿಯಾಡ್ ಬರೆದವಳಲ್ಲ, ಪ್ರಾಜೆಕ್ಟ್ ಮಾಡಿಲ್ಲ. ಇಂಗ್ಲಿಷ್ ಕೂಡ ಸುಮಾರು. ಗೆಳತಿಯರು ಎಐ ಹತ್ತಿರ ಬರೆಸು ಅಂತಾರೆ. ಏನು ಮಾಡಲಿ?

ಜಕ್ಕೂರು ಬಸ್ಸು:

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸೆಂಟರ್ ಅನ್ನುವ ವಿಜ್ಞಾನ ಸಂಶೋಧನಾ ಸಂಸ್ಥೆಯದೂ ಬೇಸಿಗೆ ಫೆಲೋಶಿಪ್ ಇದೆ, ಅದಕ್ಕೂ ಹಾಕಿ. ಎರಡಕ್ಕೂ ಒಂದೇ ಬರಹ ಕಾಪಿ ಮಾಡಬೇಡಿ. ಕೊನೆ ದಿನ ಸೈಟ್ ತುಂಬಾ ನಿಧಾನ ಆಗುತ್ತದೆ, ಮುಂಚೆಯೇ ಮುಗಿಸಿ.

ಪಾವಗಡದ ಕೆಮಿಸ್ಟ್ರಿ ಟೀಚರ್:

ನಾನು ಈ ಫೆಲೋಶಿಪ್ ಮಾಡಿದವಳು. ಈಗ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ನವೆಂಬರ್‌ನಲ್ಲಿ ನಮ್ಮ ಮಕ್ಕಳ ಇಂಥ ಬರಹಗಳನ್ನು ಓದುತ್ತೇನೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಮೂರು ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ತೀರ್ಥಹಳ್ಳಿಯವರೂ ಬರೆಯಬಹುದು, ಪಾಟ್ನಾದವರೂ ಬರೆಯಬಹುದು. ಬೆಂಗಳೂರಿನ ಅಕಾಡೆಮಿಯನ್ನು 1934ರಲ್ಲಿ ಕಟ್ಟಿದವರೇ ರಾಮನ್. ಅವರ ಹೆಸರು ಆ ಮನೆಗೆ ಹೊಸದಲ್ಲ. ಓದುವವರಿಗೆ ಬೇಕಾಗಿರುವುದು ನೀವು. ಈ ಹುಡುಗಿ ಎರಡು ತಿಂಗಳು ನನ್ನ ಲ್ಯಾಬ್‌ನಲ್ಲಿ ನಿಂತರೆ ಏನು ನೋಡುತ್ತಾಳೆ, ಏನು ಕೇಳುತ್ತಾಳೆ ಅನ್ನುವುದು ಅವರಿಗೆ ಗೊತ್ತಾಗಬೇಕು.

ಮೊದಲ ಸಲ ನಾನೂ ಹೀಗೇ ಬರೆದಿದ್ದೆ. ಕ್ಯಾನ್ಸರ್‌ಗೆ ನ್ಯಾನೋ ಔಷಧಿ ಅಂತ. ಅದರ ಬಗ್ಗೆ ನನಗೆ ಎರಡು ಪುಟವೂ ಗೊತ್ತಿರಲಿಲ್ಲ. ಸಿಗಲಿಲ್ಲ. ಮುಂದಿನ ವರ್ಷ ನಮ್ಮ ಮನೆ ಬೋರ್‌ವೆಲ್ ನೀರಿನ ಬಗ್ಗೆ ಬರೆದೆ. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದಲ್ಲ, ಅದರಿಂದ ಶುರು ಮಾಡಿದೆ. ಮೂರು ಮನೆ ನೀರನ್ನು ಕಾಲೇಜಿಗೆ ಹೊತ್ತುಕೊಂಡು ಹೋಗಿ ಇಡಿಟಿಎ ಟೈಟ್ರೇಶನ್ (ನೀರಿನ ಗಡಸುತನ ಅಳೆಯುವ ಪರೀಕ್ಷೆ) ಮಾಡಿದ್ದೆ. ನಲವತ್ತು ಅಡಿ ದೂರದ ಎರಡು ಬೋರ್‌ವೆಲ್‌ಗಳಲ್ಲಿ ಗಡಸುತನ ಒಂದಕ್ಕೆರಡು ವ್ಯತ್ಯಾಸ ಬಂತು. ಯಾಕೆ ಅಂತ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಅಂತಲೇ ಬರೆದೆ. ಆ ಸಲ ಸಿಕ್ಕಿತು. ನನ್ನ ಗೈಡ್ ಮೊದಲ ದಿನ ಕೇಳಿದ್ದು ಆ ಎರಡು ಬೋರ್‌ವೆಲ್ ಬಗ್ಗೆಯೇ.

ಈಗ ಹೇಳಿ, ನಿಮ್ಮದು ತೋಟದ ಮನೆ ಅಲ್ವಾ? ಮನೆಯಲ್ಲಿ, ತೋಟದಲ್ಲಿ ಯಾವುದನ್ನಾದರೂ ನೋಡಿ "ಇದ್ಯಾಕೆ ಹೀಗೆ?" ಅಂತ ತಲೆ ಕೆಡಿಸಿಕೊಂಡದ್ದು ಇದೆಯಾ?

ಅಡಿಕೆ ತೋಟದ ಹುಡುಗಿ:

ಮೇಡಂ, ನೀನು ಅಂತಲೇ ಹೇಳಿ. ಒಂದು ಇದೆ, ಆದರೆ ಇದು ಸೈನ್ಸ್ ಅನ್ನುವಷ್ಟು ದೊಡ್ಡದಾ ಗೊತ್ತಿಲ್ಲ.

ಮಳೆ ಹಿಡಿಯುವ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಅನ್ನುವ ಔಷಧಿ ಹೊಡೆಸುತ್ತೇವೆ. ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್) ಐವತ್ತು ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೊಂದು ಐವತ್ತು ಲೀಟರ್‌ಗೆ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯಬೇಕು. ಆಮೇಲೆ ಅಜ್ಜ ಮಸೆದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಕತ್ತಿ ಬೆಳ್ಳಗೇ ಇದ್ದರೆ ಹೊಡೆಯಬಹುದು. ಕೆಂಪು ಹಿಡಿದರೆ ಇನ್ನೂ ಸುಣ್ಣ ಹಾಕಬೇಕು, ಇಲ್ಲದಿದ್ದರೆ ಸೋಗೆ ಸುಡುತ್ತದೆ ಅಂತಾರೆ.

ಕಳೆದ ಜೂನ್‌ನಲ್ಲಿ ಅಳತೆ ಸರಿಯಾಗಿ ಹಾಕಿದರೂ ಕತ್ತಿ ಕೆಂಪಾಯಿತು. ಇನ್ನೂ ಅರ್ಧ ಕೆಜಿ ಸುಣ್ಣ ಹಾಕಬೇಕಾಯಿತು. ಮಾರನೇ ದಿನ ಹೊಸ ಚೀಲ ಒಡೆದೆವು, ಆವಾಗ ಒಂದೇ ಕೆಜಿಗೆ ಸರಿಹೋಯಿತು. ಹಳೆ ಚೀಲ ಹಿಂದಿನ ವರ್ಷದ್ದು, ಬಾಯಿ ಬಿಚ್ಚಿ ಕೊಟ್ಟಿಗೆಯಲ್ಲೇ ಇತ್ತು. ಸುಣ್ಣ ಹಳತಾದರೆ ಶಕ್ತಿ ಹೋಗುತ್ತದೆ ಅಂದರು ಅಜ್ಜ. ಕತ್ತಿ ಕೆಂಪಾಗುವುದು ಎಸ್ಸೆಸ್ಸೆಲ್ಸಿಯಲ್ಲಿ ಕಾಪರ್ ಸಲ್ಫೇಟ್‌ಗೆ ಮೊಳೆ ಹಾಕಿದ ಪ್ರಯೋಗದ ಥರಾನೇ ಅಂತ ಆವತ್ತು ಹೊಳೆಯಿತು. ಸುಣ್ಣದ ಶಕ್ತಿ ಎಲ್ಲಿಗೆ ಹೋಯಿತು ಅಂತ ಮಾತ್ರ ಇನ್ನೂ ಯೋಚಿಸುತ್ತಿದ್ದೇನೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಇರಬಹುದಾ?

ಪಾವಗಡದ ಕೆಮಿಸ್ಟ್ರಿ ಟೀಚರ್:

ಇದನ್ನು ಬಿಟ್ಟು ನ್ಯಾನೋ ಬರೆಯಲು ಹೊರಟಿದ್ದೆಯಲ್ಲಮ್ಮ! ಓದಿ ತುಂಬಾ ಖುಷಿಯಾಯಿತು.

ನಿನ್ನ ಬರಹ ಇದೇ. ಕತ್ತಿಯಿಂದ ಶುರು ಮಾಡು. ಸುಣ್ಣ ಸಾಲದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ. ಅಂದರೆ ಅಜ್ಜ ಮಾಡುತ್ತಿರುವುದು ಒಂದು ಪರೀಕ್ಷೆ, ಅದಕ್ಕೆ ಇಂಡಿಕೇಟರ್ ಕತ್ತಿ. ಕೊಳೆರೋಗ ಸಣ್ಣ ವಿಷಯ ಅಂತಲೂ ಅಂದುಕೊಳ್ಳಬೇಡ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದರ ಮೇಲೆ ಕೆಲಸ ಮಾಡಿ 1910ರಲ್ಲಿ ಬರೆದಾಗ ರೋಗಕ್ಕೆ ನಮ್ಮ ಕನ್ನಡ ಹೆಸರನ್ನೇ ಇಟ್ಟುಕೊಂಡಿದ್ದರು.

ಕಾರ್ಬನ್ ಡೈಆಕ್ಸೈಡ್ ತಗುಲಿದ ಸುಣ್ಣ ಕಾರ್ಬೊನೇಟ್ ಆಗುತ್ತದೆ, ನಿನ್ನ ಊಹೆ ಅದೇ. ಆದರೆ "ಇರಬಹುದಾ" ಅನ್ನುವಲ್ಲಿ ನಿಲ್ಲಬೇಡ. ಹಳೆ ಸುಣ್ಣ ಸ್ವಲ್ಪ ಉಳಿದಿದೆಯಾ? ಹಳೆಯದು, ಹೊಸದು ಎರಡರ ಮೇಲೂ ಒಂದೊಂದು ಹನಿ ಡೈಲ್ಯೂಟ್ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಸಿಡ್) ಹಾಕಿ ನೋಡು. ಯಾವುದರಲ್ಲಿ ಗುಳ್ಳೆ ಜಾಸ್ತಿ ಬರುತ್ತದೋ ಅದರಲ್ಲಿ ಕಾರ್ಬೊನೇಟ್ ಜಾಸ್ತಿ. ಆಮೇಲೆ ಎರಡನ್ನೂ ಒಂದೇ ತೂಕ ತೆಗೆದುಕೊಂಡು ಸಕ್ಕರೆ ನೀರಿನಲ್ಲಿ ಚೆನ್ನಾಗಿ ಅಲ್ಲಾಡಿಸು. ಬರೀ ನೀರಿನಲ್ಲಿ ಸುಣ್ಣ ಕರಗುವುದು ಕಮ್ಮಿ, ಸಕ್ಕರೆ ಇದ್ದರೆ ಕರಗುತ್ತದೆ. ಬಣ್ಣ ತೋರಿಸುವ ಫಿನಾಲ್ಫ್ಥಲೀನ್ ಹಾಕಿ, ಅದೇ ಆಸಿಡ್ ಹನಿ ಹನಿಯಾಗಿ ಬಿಟ್ಟು ಟೈಟ್ರೇಟ್ ಮಾಡು. ಮೊದಲ ಸಲ ಗುಲಾಬಿ ಬಣ್ಣ ಹೋದ ಕೂಡಲೇ ನಿಲ್ಲಿಸು. ಮೂರು ಸಲ ಮಾಡು, ಮೂರೂ ರೀಡಿಂಗ್ ಬರೆದಿಡು. ನಿಮ್ಮ ಸರ್‌ಗೆ ಹೇಳಿಯೇ ಮಾಡು.

ಲ್ಯಾಬ್‌ನಲ್ಲಿ ಏನು ಕಲಿಯಬೇಕು ಅನ್ನುವುದಕ್ಕೂ ಇಲ್ಲೇ ದಾರಿ ಇದೆ. ವರ್ಷ ವರ್ಷ ಹೊಡೆದ ತಾಮ್ರ ಮಳೆಗೆ ತೊಳೆದು ಎಲ್ಲಿಗೆ ಹೋಗುತ್ತದೆ? ತೋಟದ ಮಣ್ಣಿನಲ್ಲಿ ಎಷ್ಟಿದೆ? ಅಷ್ಟು ಕಮ್ಮಿ ಲೋಹ ಅಳೆಯಲು ಅಟಾಮಿಕ್ ಅಬ್ಸಾರ್ಪ್ಶನ್ ಥರದ ಉಪಕರಣ ಬೇಕು, ನಿಮ್ಮ ಕಾಲೇಜಿನಲ್ಲಿ ಇರಲಿಕ್ಕಿಲ್ಲ. ಅದಕ್ಕೇ ಬರುತ್ತೇನೆ ಅಂತ ಬರೆ. ಬೋರ್ಡೋಗೆ ಬದಲಿ ಕಂಡುಹಿಡಿಯುತ್ತೇನೆ ಅಂತ ಮಾತ್ರ ಬರೆಯಬೇಡ. ಎರಡು ತಿಂಗಳಲ್ಲಿ ಆಗದ ಮಾತು, ಓದುವವರಿಗೂ ಅದು ಗೊತ್ತು.

ಎಐ ಬಗ್ಗೆ: ಅದಕ್ಕೆ ನಿಮ್ಮ ಕೊಟ್ಟಿಗೆಯ ಚೀಲ ಗೊತ್ತಿಲ್ಲ. ಮೊದಲು ಕನ್ನಡದಲ್ಲೇ ಬರೆ. ಆಮೇಲೆ ಸಣ್ಣ ಸಣ್ಣ ವಾಕ್ಯದಲ್ಲಿ ಇಂಗ್ಲಿಷ್‌ಗೆ ತಾ. ಸಣ್ಣ ವಾಕ್ಯ ಬರೆದದ್ದಕ್ಕೆ ಯಾರೂ ಮಾರ್ಕ್ಸ್ ಕಳೆಯುವುದಿಲ್ಲ.

ಜಕ್ಕೂರು ಬಸ್ಸು:

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪತ್ರ ಕೊಡುವ ಸರ್‌ಗೆ ಈ ಬರಹ ಮೊದಲೇ ತೋರಿಸಿ. ಟೈಟ್ರೇಶನ್ ಅವರ ಕಣ್ಣೆದುರೇ ಆದರೆ ಪತ್ರದಲ್ಲೂ ಅದೇ ಬರುತ್ತದೆ. "ಒಳ್ಳೆ ಹುಡುಗಿ, ಶ್ರದ್ಧೆ ಇದೆ" ಅನ್ನುವ ಪತ್ರಕ್ಕಿಂತ ಅದರ ತೂಕವೇ ಬೇರೆ.

ಅಡಿಕೆ ತೋಟದ ಹುಡುಗಿ:

ಮೇಡಂ, ಇವತ್ತು ಮಾಡಿದೆ! ಹಳೆ ಸುಣ್ಣಕ್ಕೆ ಆಸಿಡ್ ಬಿದ್ದ ಕೂಡಲೇ ನೊರೆ ಬಂತು, ಹೊಸದರಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಅಷ್ಟೇ. ಟೈಟ್ರೇಶನ್‌ನಲ್ಲಿ ಹೊಸದಕ್ಕೆ 19.6 ಮಿಲಿ ಆಸಿಡ್ ಹಿಡಿಯಿತು, ಹಳೆಯದಕ್ಕೆ ಬರೀ 3.4. ಸರ್ ತಾವೇ ಇನ್ನೊಂದು ಸಲ ಮಾಡಿ ನೋಡಿದರು. ಅಜ್ಜನಿಗೆ ಫೋನ್ ಮಾಡಿ ಹೇಳಿದೆ. "ನಾನು ಹೇಳಿರಲಿಲ್ವಾ" ಅಂದರು.

ಶುರು ಹೀಗೆ ಬರೆದಿದ್ದೇನೆ: "ಔಷಧಿ ಸರಿಯಾಗಿದೆಯೇ ಎಂದು ನೋಡಲು ನನ್ನ ಅಜ್ಜ ಅದರಲ್ಲಿ ಕತ್ತಿ ಅದ್ದುತ್ತಾರೆ. ಕಳೆದ ಜೂನ್‌ನಲ್ಲಿ ಅಳತೆ ಸರಿಯಿದ್ದರೂ ಕತ್ತಿ ಕೆಂಪಾಯಿತು. ತಪ್ಪು ಸುಣ್ಣದ್ದು ಎಂದು ಅಜ್ಜ ಹೇಳಿದರು. ಅದು ಎಷ್ಟು ಕೆಟ್ಟಿದೆ ಎಂದು ನಾನು ಅಕ್ಟೋಬರ್‌ನಲ್ಲಿ ಅಳೆದೆ."

ಪಾವಗಡದ ಕೆಮಿಸ್ಟ್ರಿ ಟೀಚರ್:

ಇದನ್ನು ಇನ್ನು ಮುಟ್ಟಬೇಡ. ಮುಂದಿನ ಪ್ಯಾರಾದಲ್ಲಿ ಆ ಎರಡು ಅಂಕಿ ಬರಲಿ, ಎಷ್ಟು ತೂಕದ ಸುಣ್ಣ, ಆಸಿಡ್‌ನ ಸಾಂದ್ರತೆ ಎಷ್ಟು ನಾರ್ಮಲ್ ಅನ್ನುವುದೂ ಇರಲಿ. ಆಮೇಲೆ ಮಣ್ಣಿನ ಪ್ರಶ್ನೆ. ಭಾನುವಾರದೊಳಗೆ ಪೂರ್ತಿ ಬರೆದು ಇಲ್ಲೇ ಹಾಕು, ಓದಿ ಹೇಳುತ್ತೇನೆ. ಮಣ್ಣಿನ ಸ್ಯಾಂಪಲ್ ಮರದ ಬುಡದ್ದು ಒಂದು, ಎಂದೂ ಔಷಧಿ ಬೀಳದ ಜಾಗದ್ದು ಒಂದು ಈಗಲೇ ತೆಗೆದು, ಒಣಗಿಸಿ, ಹೆಸರು ಬರೆದು ಇಟ್ಟುಕೋ.