ಸಹಾಯ ಬೇಕು: ಗ್ರಾನೈಟ್ ಧೂಳು, ಅಣ್ಣನಿಗೆ ದಮ್ಮು

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಇಳಕಲ್‌ನಲ್ಲಿ ಗ್ರಾನೈಟ್ ಕಟಿಂಗ್ ಕೆಲಸಕ್ಕೆ ಹೋಗುತ್ತಾನೆ. ಈಚೆಗೆ ಮೆಟ್ಟಿಲು ಏರಿದರೆ ದಮ್ಮು, ಒಣಕೆಮ್ಮು ಬೇರೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಕು ಅಂತಾನೆ. ದಪ್ಪ ಧೂಳನ್ನು ಮೂಗಿನ ಕೂದಲು, ಸಿಂಬಳ ತಡೆಯುತ್ತವೆ, ಸರಿ. ಆದರೆ ಗ್ರಾನೈಟ್ ಕಲ್ಲಿನಲ್ಲಿರುವ ಸಿಲಿಕಾ ಅನ್ನೋ ಖನಿಜದ ಕಣ್ಣಿಗೆ ಕಾಣದ ಪುಡಿ ಟವೆಲ್ ದಾಟಿ ಶ್ವಾಸಕೋಶದ ಗಾಳಿಚೀಲಗಳವರೆಗೂ ಇಳಿಯುತ್ತದೆ. ರಕ್ತಕ್ಕೆ ಆಮ್ಲಜನಕ ಸೇರುವುದೇ ಅಲ್ಲಿ, ಅಲ್ವಾ? ಅಲ್ಲಿ ಗಾಯವಾಗಿ ಕಲೆಗಟ್ಟಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ತೋರಿಸಿದ ಕಡೆ ಎಕ್ಸ್‌ರೇ ಕೂಡ ತೆಗೆಯದೆ ಸುಮ್ನೆ ಸಿರಪ್ ಬರೆದು ಕಳಿಸಿದರು.

ಬಾಗಲಕೋಟೆಯಲ್ಲಿ ಪೈಪಿಗೆ ಜೋರಾಗಿ ಊದಿಸಿ ನೋಡುವ ಸ್ಪೈರೋಮೆಟ್ರಿ ಎಲ್ಲಿ ಮಾಡುತ್ತಾರೆ? ಖರ್ಚು ಜಾಸ್ತಿನಾ? ಎನ್95 ಮಾಸ್ಕ್ ಹಾಕಿ ದಿನವಿಡೀ ದುಡಿಯುವವರಿದ್ದರೆ ಹೇಳಿ, ನಮ್ಮ ಬಿಸಿಲಿಗೆ ತಡೆಯೋಕಾಗುತ್ತಾ? ನೀರು ಬಿಡುತ್ತಾ ಕತ್ತರಿಸಿದರೆ ಧೂಳು ಏಳುವುದೇ ಕಡಿಮೆ. ಮಾಲೀಕರನ್ನು ಅದಕ್ಕೆ ಹೇಗೆ ಒಪ್ಪಿಸೋದು?