ಡಿವಿ (ಕೌಟುಂಬಿಕ ಹಿಂಸೆ) ಕೇಸಿನ ಕಕ್ಷಿದಾರರ ಮಾತು ಪ್ರತಿ ಸಲ ಬದಲಾಗ್ತಿದೆ, ಹೇಗೆ ನಿಭಾಯಿಸಲಿ? ಅನುಭವ ಇರುವವರು ಹೇಳಿ

ದಾವಣಗೆರೆ, ಪ್ರಾಕ್ಟೀಸ್ 3ನೇ ವರ್ಷ:
ಹಿರಿಯರಿಗೆ ನಮಸ್ಕಾರ. ಕೌಟುಂಬಿಕ ಹಿಂಸೆಯ ಕೇಸೊಂದು ಬಂದಿದೆ. ಮದುವೆಯಾಗಿ 9 ವರ್ಷ, ಒಬ್ಬ ಮಗ. ಆಕೆ ಮೊದಲ ದಿನ ಹೇಳಿದ್ದಕ್ಕೂ ಎರಡನೇ ದಿನ ಹೇಳಿದ್ದಕ್ಕೂ ತಾಳೆಯಾಗ್ತಿಲ್ಲ. ಕೈ ಮುರಿದದ್ದು ಮಗ ಹುಟ್ಟುವ ಮೊದಲೋ ಆಮೇಲೋ ಅಂತ ಕೇಳಿದರೆ ಗೋಡೆ ನೋಡ್ತಾ ಕೂತುಬಿಡ್ತಾರೆ. ಒಮ್ಮೊಮ್ಮೆ ಯಾರದೋ ಮನೆ ಸುದ್ದಿ ಹೇಳುವ ಹಾಗೆ ಹೇಳ್ತಾರೆ, ಕಣ್ಣಲ್ಲಿ ಒಂದು ಹನಿ ಇಲ್ಲ. ನಮ್ಮ ಸೀನಿಯರ್, 'ಈಯಮ್ಮ ಪಾಟೀ ಸವಾಲಲ್ಲಿ ಐದು ನಿಮಿಷ ನಿಲ್ಲಲ್ಲ, ರಾಜಿ ಮಾಡಿಸಿ ಕಳಿಸು' ಅಂದರು. ಆಘಾತದಲ್ಲಿರುವವರ ಹತ್ತಿರ ಹೇಗೆ ಮಾತಾಡಬೇಕು ಅಂತ ನನಗೆ ಕಾಲೇಜಲ್ಲಿ ಒಂದು ದಿನವೂ ಹೇಳಿಕೊಡಲಿಲ್ಲ. ಅರ್ಜಿ ಇನ್ನೂ ಹಾಕಿಲ್ಲ. ಆಕೆ ಇನ್ನೂ ಗಂಡನ ಮನೆಯಲ್ಲೇ ಇದ್ದಾರೆ. ನೀವೆಲ್ಲ ಹೇಗೆ ಮಾಡಿದಿರಿ?

ಹುಬ್ಬಳ್ಳಿ ವಕೀಲೆ:
ತಂಗಿ, ಇದನ್ನ ನಾ ಕೈ ಸುಟಗೊಂಡು ಕಲ್ತೀನಿ, ಅದಕ್ಕ ಉದ್ದ ಬರೀತೀನಿ. 2017ರಾಗ ಒಬ್ಬಾಕಿ ಬಂದಿದ್ಲು. ಅವತ್ತು ನಂದು ಬ್ಯಾರೆ 6 ಕೇಸಿದ್ದು. 40 ನಿಮಿಷದಾಗ ಕೇಳಿ, ಟೈಪಿಸ್ಟಗೆ ಕೊಟ್ಟು, ಸಂಜಿಕೆ ಸಹಿ ಮಾಡಿಸಿದೆ. ಅರ್ಜಿಯೊಳಗ '14-06-2015ರಂದು ರಾತ್ರಿ 9 ಗಂಟೆಗೆ' ಅಂತ ಬರದಿದ್ದೆ. ಅಕಿ ಹಂಗ ಹೇಳಿರಲೇ ಇಲ್ಲ. 'ಜೂನ್ ಇರಬೇಕ್ರಿ ಮೇಡಂ' ಅಂದಿದ್ಲು ಅಷ್ಟ. ತಾರೀಖು ನಾ ಹಾಕಿದ್ದು, ಖಾಲಿ ಬಿಟ್ರ ಅರ್ಜಿ ಗಟ್ಟಿ ಕಾಣಂಗಿಲ್ಲ ಅಂತ. ಪಾಟೀ ಸವಾಲಿನಾಗ ಆ ಕಡೆ ವಕೀಲರು ಅವತ್ತು ಗಂಡ ಬ್ಯಾರೆ ಊರಾಗ ಡ್ಯೂಟಿ ಮ್ಯಾಲಿದ್ದ ಅಂತ ಹಾಜರಿ ಪುಸ್ತಕದ ನಕಲು ಮುಂದಿಟ್ರು. ಅಕಿ ಕಟಕಟೆಯೊಳಗಿಂದ ನನ್ನ ಮುಖ ನೋಡಿದ್ಲು. ನಾ ಕೇಸ್ ಫೈಲಿನ ದಾರ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಕುಂತೆ.

ಅರ್ಜಿ ವಜಾ ಆತು. ಕೌಟುಂಬಿಕ ಹಿಂಸೆ ಕಾಯ್ದೆಯ 29ನೇ ಕಲಮಿನ ಪ್ರಕಾರ ಅಪೀಲಿಗೆ 30 ದಿನ. ಸರ್ಟಿಫೈಡ್ ಕಾಪಿ ಕೈಗೆ ಬರೂದಕ್ಕ 9 ದಿನ ಹೋದ್ವು. ಝೆರಾಕ್ಸಿಗೆ 1,140 ರೂಪಾಯಿ, ಟೈಪಿಂಗಿಗೆ 2,200, ಹಳೇ ದವಾಖಾನಿ ಕಾಗದಕ್ಕ ನಾಕು ಸಲ ಓಡಾಡಿದ್ದು ಬ್ಯಾರೆ. ಫೀ ತಗೊಳ್ಳಾಕ ನನಗ ಮುಖ ಇರಲಿಲ್ಲ. 22 ತಿಂಗಳಾದ ಮ್ಯಾಲ ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿದ್ರು. ಅಷ್ಟರಾಗ ಅಕಿ, 'ಸಾಕ್ರಿ' ಅಂತ ತವರಿಗೆ ಹೋಗಿಬಿಟ್ಟಿದ್ಲು.

ಈಗ ನಾ ಮೂರು ಸಲ ಕುಂದ್ರಸತೀನಿ. ಮೊದಲ ಸಲ ಪೆನ್ನೂ ಹಿಡಿಯಂಗಿಲ್ಲ. ತಾರೀಖು ಕೇಳೂದೇ ಇಲ್ಲ. ಹೆದರಿದ ಹೊತ್ತಿನಾಗ ಮನಸ್ಸು ಕ್ಯಾಲೆಂಡರ್ ನೋಡತೈತೇನು? ವಾಸನಿ, ಸಪ್ಪಳ, ಕೈಯಾಗ ಏನಿತ್ತು, ಅದು ಉಳಿತೈತಿ. ಒಬ್ಬಾಕಿ, 'ಉಂಡಿ ಕಟ್ಟತಿದ್ದೆ, ಬೆಲ್ಲದ ಪಾಕ ಕೈಗೆ ಹತ್ತಿತ್ತು, ಅದಕ್ಕ ತಲಿ ಹಿಡ್ಕೊಳ್ಳಾಕ ಆಗಲಿಲ್ಲ' ಅಂದ್ಲು. ಉಂಡಿ ಅಂದ್ರ ಪಂಚಮಿ. 2019ರ ನಾಗರಪಂಚಮಿ ಆಗಸ್ಟ್ 5ಕ್ಕ. ದವಾಖಾನಿ ರಿಜಿಸ್ಟರ್ ತಗಿಸಿದ್ರ ಆಗಸ್ಟ್ 4ಕ್ಕ ಅಕಿ ಹೆಸರು, ತಲಿಗೆ 3 ಹೊಲಿಗಿ.

ಮೈಸೂರು, 31 ವರ್ಷದ ಪ್ರಾಕ್ಟೀಸ್:
ಮೇಡಂ ಹೇಳಿದ್ದು ಕೇಳೋಕೆ ಚೆನ್ನಾಗಿದೆ. ಮೂರು ಸಲ ಕೂರಿಸ್ಕೊಂಡು ಮಾತಾಡೋಷ್ಟರಲ್ಲಿ ಮನೆ ಕೈಬಿಟ್ಟು ಹೋಗತ್ತೆ. ನನಗೆ ಹೋಗಿದೆ. 2013ರಲ್ಲಿ ಒಬ್ಬ ಹೆಣ್ಣುಮಗಳು ಬಂದು ಕೂತರೆ ಬರೀ ಅಳು. ಪಾಪ, ಸುಧಾರಿಸಿಕೊಳ್ಳಲಿ ಅಂತ ಮೂರು ವಾರ ಬಿಟ್ಟೆ. ಆ ಮೂರು ವಾರದಲ್ಲಿ ಗಂಡ ಮನೆಯನ್ನ 26 ಲಕ್ಷಕ್ಕೆ ರಿಜಿಸ್ಟರ್ ಮಾಡಿಕೊಟ್ಟ. 19ನೇ ಕಲಮಿನಲ್ಲಿ ಮನೆ ಪರಭಾರೆ ಮಾಡಬಾರದು ಅಂತ ಆರ್ಡರ್ ತರಬಹುದಿತ್ತು, ಅರ್ಜಿ ಇದ್ದಿದ್ದರೆ. ಆ ಕೊಂಡವರ ಮೇಲೆ ಸಿವಿಲ್ ದಾವೆ ಇನ್ನೂ ನಡೀತಿದೆ. ಅವತ್ತಿನಿಂದ ನಾನು ಬಂದ ದಿನವೇ ಫೈಲ್ ಮಾಡ್ತೀನಿ, 23ರ ಕೆಳಗೆ, ಆ ಕಡೆಯವರನ್ನ ಕೇಳೋ ಮೊದಲೇ ಕೊಡೋ ಎಕ್ಸ್‌ಪಾರ್ಟಿ ಮಧ್ಯಂತರ ಆದೇಶ ಕೇಳ್ತೀನಿ. ಒಂದರಲ್ಲಿ 4ನೇ ದಿನಕ್ಕೆ ತಂದಿದ್ದೀನಿ. ಕಣ್ಣೀರು ಒರೆಸೋದು ಡಾಕ್ಟರ ಕೆಲಸ, ಆರ್ಡರ್ ತರೋದು ನಮ್ಮ ಕೆಲಸ. ಈ 'ಸಿಟ್ಟಿಂಗ್' ಎಲ್ಲ ಲೀಗಲ್ ಏಡ್‌ನವರಿಗೆ ಸರಿ, ಹೇಗೂ ಡೇಟ್ ತಗೊಂಡು ಕೂತಿರ್ತಾರೆ.

ಹಾಸನ, ಕಾನೂನು ನೆರವು ಪ್ಯಾನೆಲ್ ವಕೀಲ:
ಸರ್, ಕೊನೇ ಸಾಲು ವಾಪಸ್ ತಗೊಳ್ಳಿ. ಕಳೆದ ಕೇಸಲ್ಲಿ ನನ್ನ ಬಿಲ್ ಪಾಸಾಗೋಕೆ 14 ತಿಂಗಳಾಯ್ತು, ನೋಟರಿಗೂ ಝೆರಾಕ್ಸಿಗೂ ಕೈಯಿಂದ ಹಾಕಿದ 1,860 ರೂಪಾಯಿ ಬರಲೇ ಇಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಬರೆದಿದೆಯಲ್ಲ, ಆ ಮಾತು ಉಳಿಸ್ತಿರೋದು ನಾವು. ಎಕ್ಸ್‌ಪಾರ್ಟಿ ತಂದೆ ಅಂತೀರಿ, ಅದು ಜಾರಿ ಆಯ್ತಾ? ಅದನ್ನ ಬರೀರಿ.

ಮೈಸೂರು:
ಜಾರಿ ಆಗೋಕೆ 7 ತಿಂಗಳು ಹಿಡೀತು. ಸುಳ್ಳು ಹೇಳಲ್ಲ. ತಪ್ಪು ನಂದಲ್ಲ, ರಕ್ಷಣಾಧಿಕಾರಿ ಕಚೇರಿಯದು. 13ನೇ ಕಲಮಿನಲ್ಲಿ ಅವರು ನೋಟಿಸ್ ಮುಟ್ಟಿಸೋಕೆ ಎರಡು ದಿನ ಅಂತಿದೆ. ಎರಡು ದಿನದಲ್ಲಿ ಕೊಟ್ಟದ್ದು ಈ ಕಾಯ್ದೆ ಬಂದಾಗಿನಿಂದ ಒಂದು ಸಲವೂ ನೋಡಿಲ್ಲ. ಡಿಐಆರ್, ಅಂದರೆ ಕೌಟುಂಬಿಕ ಹಿಂಸೆಯ ಘಟನಾ ವರದಿ, ಬರೆಯೋಕೂ ಅವರೇ, ಅದಿಲ್ಲದೆ ಕೋರ್ಟಲ್ಲಿ ಅರ್ಜಿ ಅಲ್ಲಾಡಲ್ಲ.

ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೆಲಸ ಮಾಡಿದವಳು:
ಎಲ್ಲಾ ನಮ್ಮ ತಲೆಗೇ ಕಟ್ಟಿ. ಕರ್ನಾಟಕದಲ್ಲಿ ಸಿಡಿಪಿಒಗಳೇ ರಕ್ಷಣಾಧಿಕಾರಿ. ಅಂಗನವಾಡಿ, ಪೌಷ್ಟಿಕ ಆಹಾರ, ಸರ್ವೆ, ಚುನಾವಣೆ ಡ್ಯೂಟಿ, ಅದರ ಮೇಲೆ ಇದು. ನಮ್ಮಲ್ಲಿದ್ದ ಒಂದೇ ಜೀಪು ಎರಡು ವರ್ಷ ಕೆಟ್ಟು ನಿಂತಿತ್ತು. ನೋಟಿಸ್ ಹಿಡ್ಕೊಂಡು 38 ಕಿಲೋಮೀಟರ್ ನನ್ನ ಸ್ಕೂಟರಲ್ಲಿ ಹೋಗಿದ್ದೀನಿ, ಆ ಮನೆಯವರು ನಾಯಿ ಬಿಟ್ಟರು. ಪೆಟ್ರೋಲಿನ 210 ರೂಪಾಯಿ ಯಾರೂ ಕೊಡಲಿಲ್ಲ. ವಕೀಲರು ವಿಳಾಸದಲ್ಲಿ 'ದೇವಸ್ಥಾನದ ಹತ್ತಿರ' ಅಂತ ಬರೆದು ಕೈತೊಳ್ಕೊಂಡಿರ್ತಾರೆ.

ಹಾಸನ:
ಮೇಡಂ ಹೇಳಿದ್ದು ಒಪ್ತೀನಿ. ಮೈಸೂರಿನವರೇ, ಡಿಐಆರ್ ಕಡ್ಡಾಯ ಅಲ್ಲ. 2022ರ ಪ್ರಭಾ ತ್ಯಾಗಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ನಿಮ್ಮ ಪಾಠ ನಂಬಿ ಹೊಸಬರು ತಿಂಗಳುಗಟ್ಟಲೆ ಡಿಐಆರ್‌ಗೆ ಕಾಯೋದು ಬೇಡ.

ಮೈಸೂರು:
ತೀರ್ಪು ನಾನೂ ಓದಿದ್ದೀನಿ. ಓದೋದು ಬೇರೆ, ಕೋರ್ಟ್ ಹಾಲಲ್ಲಿ ನಿಂತು 'ಡಿಐಆರ್ ಎಲ್ಲಿ' ಅಂತ ಕೇಳಿಸಿಕೊಳ್ಳೋದು ಬೇರೆ.

ಗಾರ್ಮೆಂಟ್ಸ್ ಕೆಲಸದವಳು, ತುಮಕೂರು ಕಡೆ:
ನಾನು ವಕೀಲೆ ಅಲ್ಲ. ಆ ಕುರ್ಚಿಯಲ್ಲಿ ಕೂತು ಬಂದವಳು. ನನ್ನ ಕಥೆ ಎಷ್ಟು ಸಲ ಹೇಳಿದೀನಿ ಲೆಕ್ಕ ಇಟ್ಟಿದೀನಿ ಕಣ್ರೀ. ಸ್ಟೇಷನ್ನಲ್ಲಿ 2, ಸಾಂತ್ವನ ಕೇಂದ್ರದಲ್ಲಿ 1, ಸಿಡಿಪಿಒ ಆಫೀಸಲ್ಲಿ 1, ವಕೀಲರಿಗೆ 1, ಅವರ ಜೂನಿಯರ್ಸ್ ಬದಲಾದಾಗೆಲ್ಲ ಒಂದೊಂದು ಅಂತ 3, ಮಧ್ಯಸ್ಥಿಕೆಯಲ್ಲಿ 2, ಆಮೇಲೆ ಸಾಕ್ಷಿ. 11 ಸಲ. ಪ್ರತಿ ಸಲ ಹೇಳಿ ಬಂದ ರಾತ್ರಿ ನಿದ್ದೆ ಇಲ್ಲ, ಮಾರನೇ ದಿನ ಲೈನಲ್ಲಿ ಪೀಸ್ ತಪ್ಪು, ಸೂಪರ್‌ವೈಸರ್ ಬೈಗುಳ. 31 ಡೇಟು. ಒಂದೊಂದಕ್ಕೂ ಒಂದು ದಿನದ ಕೂಲಿ 450 ಹೋಯ್ತು, ಅಟೆಂಡೆನ್ಸ್ ಬೋನಸ್ ಬೇರೆ ಕಟ್. ಬಸ್ಸಿಗೆ ಹೋಗಿ ಬಂದು 96, 2023ರಲ್ಲಿ ಶಕ್ತಿ ಬಂದ ಮೇಲೆ ಅದೊಂದು ಉಳೀತು.

ಒಂದು ಹೇಳ್ತೀನಿ. ನಾನಿನ್ನೂ ಅವನ ಮನೇಲಿದ್ದಾಗ ಜೂನಿಯರ್ ಒಬ್ಬರು ರಾತ್ರಿ 9ಕ್ಕೆ ವಾಟ್ಸಾಪಲ್ಲಿ, 'ಅಕ್ಕ, ಗಾಯದ ಫೋಟೋ ಕಳಿಸಿ, ಅರ್ಜಿಗೆ ಬೇಕು' ಅಂತ ಹಾಕಿದರು. ನನ್ನ ವಾಟ್ಸಾಪ್ ಅವನ ಲ್ಯಾಪ್‌ಟಾಪಿಗೂ ಜೋಡಿಸಿತ್ತು. ನನಗೆ ಗೊತ್ತಿರಲಿಲ್ಲ, ಅವರೂ ಕೇಳಲಿಲ್ಲ. ಆ ರಾತ್ರಿ ಏನಾಯ್ತು ಅಂತ ಇಲ್ಲಿ ಬರೆಯಲ್ಲ. ದಾವಣಗೆರೆ ತಂಗಿ, ಆ ಅಮ್ಮ ಇನ್ನೂ ಅದೇ ಮನೇಲಿದ್ದಾರೆ ಅಂದ್ಯಲ್ಲ. ಮೊದಲು ಅದು ಕೇಳು. ಯಾವ ನಂಬರಿಗೆ ಮಾಡ್ಲಿ, ಯಾವ ಹೊತ್ತಿಗೆ ಮಾಡ್ಲಿ, ಗಂಡಸರು ಎತ್ತಿದರೆ ಏನಂತ ಹೇಳ್ಲಿ.

ಮಂಗಳೂರು ವಕೀಲೆ:
ಅಕ್ಕ, ನೀವು ಬರೆದದ್ದು ಓದಿ ನನಗೆ ಸ್ವಲ್ಪ ಹೊತ್ತು ಏನೂ ಬರೆಯಲಿಕ್ಕೆ ಆಗಲಿಲ್ಲ. ನನ್ನದು ನೋಟಿಸಿನ ಕಥೆ. ನನ್ನ ಕಕ್ಷಿದಾರಳ ಗಂಡನಿಗೆ ನೋಟಿಸ್ ಮಂಗಳವಾರ ಮುಟ್ಟಿದೆ. ನನಗೆ ಗೊತ್ತಾದದ್ದು ಶುಕ್ರವಾರ, ಆಕೆಯ ತಮ್ಮ ಆಸ್ಪತ್ರೆಯಿಂದ ಫೋನ್ ಮಾಡಿದಾಗ. 11 ಹೊಲಿಗೆ. ಹೆಂಡತಿ ಬಿಟ್ಟು ಹೊರಟಳು ಅಂತ ಗೊತ್ತಾಗುವ ಹೊತ್ತೇ ಎಲ್ಲಕ್ಕಿಂತ ಅಪಾಯದ್ದು, ಆ ಹೊತ್ತನ್ನು ಅವರ ಮನೆಗೆ ಕಳಿಸಿದ್ದು ನಾನೇ. ಆಮೇಲೆ ಎರಡು ತಿಂಗಳು ಕೋರ್ಟಿನ ಮೆಟ್ಟಿಲು ಹತ್ತುವಾಗ ಕೈ ಬೆವರುತ್ತಿತ್ತು. ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮನೋವೈದ್ಯರ ಹತ್ತಿರ ಹೋದೆ, ಒಂದು ಸಲಕ್ಕೆ 800 ರೂಪಾಯಿ, 17 ಸಲ. ವಕೀಲರ ಸಂಘದಲ್ಲಿ ಯಾರಿಗೂ ಹೇಳಲಿಲ್ಲ, ಹೇಳಿದರೆ ಕೇಸು ಬರುವುದಿಲ್ಲ ಅಂತ ಹೆದರಿಕೆ. ಇನ್ನೊಬ್ಬರ ನೋವು ಕೇಳಿ ಕೇಳಿ ನಮಗೂ ತಾಗುತ್ತದೆ ಮಾರಾಯ್ರೇ, ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ.

ಈಗ ಅರ್ಜಿ ಹಾಕುವ ಮೊದಲು ಕೇಳುತ್ತೇನೆ: ನೋಟಿಸ್ ಮುಟ್ಟುವ ದಿನ ನೀವು ಎಲ್ಲಿರುತ್ತೀರಿ? ಆಧಾರ್, ಪಾಸ್‌ಬುಕ್, ಮಗುವಿನ ಜನನ ಪ್ರಮಾಣಪತ್ರ, ಎರಡು ಜೊತೆ ಬಟ್ಟೆ ಯಾರ ಮನೆಯಲ್ಲಿ ಇಡುತ್ತೀರಿ? 181 ಸಹಾಯವಾಣಿ ಬಾಯಿಪಾಠ ಇದೆಯಾ? ಈಗ ನಾನು ಗಂಡನ ಕಡೆಯ ಕೇಸುಗಳನ್ನೂ ತೆಗೆದುಕೊಳ್ಳುತ್ತೇನೆ, ಆದರೂ ಇದನ್ನು ಮರೆತಿಲ್ಲ.

ಹುಬ್ಬಳ್ಳಿ ವಕೀಲೆ:
ಎಲ್ಲಾ ಖರೆ. ಆದ್ರ ಆ ಕಡೆ ನಿಂತು ಇಂಥಾ ಹೆಣ್ಣುಮಕ್ಕಳಿಗೇ 'ಇಷ್ಟು ವರ್ಷ ಯಾಕ ಸುಮ್ನಿದ್ದಿ' ಅಂತ ಕೇಳವ್ರು ಯಾರು? ನೀವ ಅಲ್ಲೇನು? ನನ್ನ ಕಕ್ಷಿದಾರಳನ್ನ ಒಬ್ರು 'ಅಳೂ ನಾಟಕ ಸಾಕು' ಅಂದ್ರು, ತುಂಬಿದ ಕೋರ್ಟಿನಾಗ.

ಮಂಗಳೂರು ವಕೀಲೆ:
ನಾನು ಹಾಗೆ ಕೇಳಿದವಳಲ್ಲ. ಗೊತ್ತಿಲ್ಲದೆ ಆಪಾದನೆ ಮಾಡಬೇಡಿ. ನೌಕರಿಯ ದಾಖಲೆ, ಬ್ಯಾಂಕಿನ ಸ್ಟೇಟ್‌ಮೆಂಟ್ ಹಿಡಿದು ಪಾಟೀ ಸವಾಲು ಮಾಡುತ್ತೇನೆ, ಮರ್ಯಾದೆ ತೆಗೆಯುವುದಿಲ್ಲ. ನಿಮ್ಮ ಕೇಸಿನಲ್ಲಿ ಅವರು ಹಾಗೆ ಅಂದಾಗ ನೀವು ಎದ್ದು ನಿಂತು ತಕರಾರು ಹಾಕಿದಿರಾ?

ಹುಬ್ಬಳ್ಳಿ ವಕೀಲೆ:
ಹಾಕಲಿಲ್ಲ. ಅದಕ್ಕ ಇವತ್ತಿಗೂ ಸಿಟ್ಟು ಬರತೈತಿ.

ಹಾಸನ:
ಇಬ್ಬರೂ ಸಮಾಧಾನ ಮಾಡ್ಕೊಳ್ಳಿ. ಅವಮಾನ ಮಾಡೋಕೆ ಕೇಳುವ ಪ್ರಶ್ನೆಯನ್ನ ನ್ಯಾಯಾಲಯ ತಡೀಲೇಬೇಕು ಅಂತ ಹಳೇ ಸಾಕ್ಷ್ಯ ಕಾಯ್ದೆಯ 152ರಲ್ಲೇ ಇತ್ತು, ಈಗ ಹೊಸದರಲ್ಲಿ 155. ನಾನು ಒಂದು ಚೀಟಿಯಲ್ಲಿ ಬರೆದು ಕೋಟಿನ ಜೇಬಲ್ಲಿ ಇಟ್ಟಿರ್ತೀನಿ. ಡಿವಿ ಕಾಯ್ದೆಯ 16ರ ಕೆಳಗೆ ಮುಚ್ಚಿದ ಕೋರ್ಟಲ್ಲಿ ವಿಚಾರಣೆನೂ ಕೇಳಬಹುದು. ಮೂರು ಸಲ ಕೇಳಿದೀನಿ, ಎರಡು ಸಲ ಸಿಕ್ಕಿದೆ. ಇನ್ನು ಮೂರು ಸಿಟ್ಟಿಂಗೋ ಒಂದೇ ದಿನವೋ ಅಂತ ಜಗಳ ಬೇಡ. ಗೊತ್ತಿರುವಷ್ಟು ಬರೆದು, ತಾರೀಖಿನ ಜಾಗದಲ್ಲಿ 'ಸುಮಾರು' ಅಂತ ಹಾಕಿ, ಮಧ್ಯಂತರ ಆದೇಶಕ್ಕೆ ಬೇಕಾದ ಅರ್ಜಿ ಮೊದಲು ಹಾಕಿ. ಉಳಿದದ್ದು ಆಕೆ ಬಾಯಿಬಿಟ್ಟ ಮೇಲೆ ತಿದ್ದುಪಡಿಯಲ್ಲಿ ತರಬಹುದು. ಡಿವಿ ಅರ್ಜಿಗೂ ತಿದ್ದುಪಡಿ ಉಂಟು ಅಂತ 2016ರ ಕುನಪರೆಡ್ಡಿ ತೀರ್ಪಿದೆ.

ಮೈಸೂರು:
ತಿದ್ದುಪಡಿ ಅರ್ಜಿ ಹಾಕಿದರೆ ಆ ಕಡೆಯವರು 'ಆಮೇಲೆ ಹೊಸೆದ ಕಥೆ' ಅಂತಾರೆ. ನನ್ನ ಒಂದು ಕೇಸಲ್ಲಿ ಅದೊಂದೇ ವಾದಕ್ಕೆ 5 ಡೇಟ್ ಹೋಯ್ತು. ಆದರೂ ಇದು ದಾರಿ, ಒಪ್ತೀನಿ. ಲೀಗಲ್ ಏಡ್ ಬಗ್ಗೆ ಅಂದದ್ದು ತಪ್ಪಾಯ್ತು.

ದಾವಣಗೆರೆ, ಪ್ರಾಕ್ಟೀಸ್ 3ನೇ ವರ್ಷ:
ಎಲ್ಲರಿಗೂ ಧನ್ಯವಾದ. ಆಕೆ ಶನಿವಾರ ಬರ್ತಾರೆ, ಅಕ್ಕನ ಮನೆಗೆ ಅಂತ ಹೇಳಿ ಹೊರಟು ಬರ್ತಾರಂತೆ. ಅವರ ಅಕ್ಕನ ಫೋನಿಗೇ ಮಾಡ್ತಿದ್ದೀನಿ ಈಗ. ತುಮಕೂರಿನ ಅಕ್ಕ, ನಿಮಗೊಂದು ಪ್ರಶ್ನೆ. ನೀವು ವಕೀಲರ ಆಫೀಸಿಗೆ ಹೋದ ಮೊದಲ ದಿನ ಏನಿದ್ದಿದ್ದರೆ ಚೆನ್ನಾಗಿತ್ತು?

ಗಾರ್ಮೆಂಟ್ಸ್ ಕೆಲಸದವಳು, ತುಮಕೂರು ಕಡೆ:
ಬಾಗಿಲು ಕಾಣೋ ಹಾಗೆ ಕೂರಿಸು. ನನ್ನನ್ನ ಬಾಗಿಲಿಗೆ ಬೆನ್ನು ಹಾಕಿ ಕೂರಿಸಿದ್ದರು, ಯಾರು ಬಂದರೂ ಮೈ ಝುಮ್ ಅಂತಿತ್ತು, ವಕೀಲರು ಕೇಳಿದ್ದು ಅರ್ಧ ಕಿವಿಗೇ ಬೀಳಲಿಲ್ಲ. ಮಗು ಜೊತೆಗೆ ಬಂದರೆ ಅದರ ಮುಂದೆ ಕೇಳಬೇಡ. ಕೇಳೋಕೆ ಮುಂಚೆ, 'ಸಾಕು ಅನ್ನಿಸಿದರೆ ಸಾಕು ಅನ್ನಿ' ಅಂತ ಹೇಳು. ಕುಡಿಯೋಕೆ ನೀರು ಕೊಡು. ಟೀ ಬೇಕಾ ಅಂತ ಕೇಳಿ ಕೊಡು, ಸುಮ್ನೆ ತಂದು ಮುಂದೆ ಇಡಬೇಡ. ನನ್ನ ಮೇಲೆ ಅವನು ಎಸೆದದ್ದು ಅದನ್ನೇ.

ಮೈಸೂರು:
ನನ್ನ ಆಫೀಸಲ್ಲಿ ಕಕ್ಷಿದಾರರ ಕುರ್ಚಿ ಬಾಗಿಲಿಗೆ ಬೆನ್ನಾಗಿಯೇ ಇದೆಯಮ್ಮ. ನಾಳೆ ತಿರುಗಿಸ್ತೀನಿ. ಡಿಐಆರ್ ವಿಷಯ ಮಾತ್ರ ಹಾಸನದವರ ಜೊತೆ ಇನ್ನೂ ಬಾಕಿ ಇದೆ.