ಪೇಟೆಯಲ್ಲಿ ಹತ್ತು ನಿಮಿಷ ಇಳಿದು ಹೋಗುವಾಗ ಸೈಕಲ್ಲನ್ನು ಹೇಗೆ ಭದ್ರಪಡಿಸುವುದು?

ಪ್ರಶ್ನೆ – ವಿದ್ಯಾನಗರದ ಸವಾರೆ, ಹಾಸನ

ನಾನು ಮೂರು ವರ್ಷಗಳಿಂದ ವಿದ್ಯಾನಗರದಿಂದ ಬಿ.ಎಂ. ರಸ್ತೆಯ ಕಚೇರಿಗೆ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದೇನೆ. ಸಂಜೆ ಮರಳುವಾಗ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ತರಕಾರಿ, ಔಷಧಿ ಅಂಗಡಿಯಲ್ಲಿ ಅಮ್ಮನ ಮಾತ್ರೆ ಎಂದು ಮೂರು ನಾಲ್ಕು ಕಡೆ ಇಳಿಯಬೇಕಾಗುತ್ತದೆ. ಕಳೆದ ತಿಂಗಳು ಮಾರುಕಟ್ಟೆಯ ಹೊರಗೆ ಒಂದು ಕಂಬಕ್ಕೆ ಕೇಬಲ್ ಬೀಗದಿಂದ ಕಟ್ಟಿ ಒಳಗೆ ಹೋದವಳು ಸೊಪ್ಪು ಕೊಂಡು ಹತ್ತು ನಿಮಿಷದಲ್ಲಿ ಬಂದು ನೋಡಿದರೆ, ತುಂಡಾದ ಕೇಬಲ್ಲು ಮಾತ್ರ ಕಂಬದ ಬುಡದಲ್ಲಿ ಬಿದ್ದಿತ್ತು. ನನ್ನ ಸಂಬಳದಲ್ಲಿ ಉಳಿಸಿ ಕೊಂಡಿದ್ದ ಸೈಕಲ್ಲು ಅದು. ದೂರು ಕೊಡಲು ಹೋದಾಗ ಫ್ರೇಮಿನ ಸಂಖ್ಯೆ ಕೇಳಿದರು. ಹಾಗೊಂದು ಸಂಖ್ಯೆ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಈಗ ಸುಮಾರು 16,000 ರೂಪಾಯಿಯ ಗೇರ್ ಸೈಕಲ್ಲು ಕೊಳ್ಳುವವಳಿದ್ದೇನೆ. ಯಾವ ಬೀಗ ಕೊಳ್ಳಬೇಕು, ಅದನ್ನು ಹೇಗೆ ಹಾಕಬೇಕು, ಕಟ್ಟಲು ಏನೂ ಸಿಗದ ಕಡೆ ಏನು ಮಾಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 – ದೂರದ ದಾರಿ

ನಿಮ್ಮ ನಷ್ಟ ಓದಿ ಬೇಸರವಾಯಿತು. ತಪ್ಪು ನಿಮ್ಮದಲ್ಲ, ಆ ಬೀಗದ್ದು. ಕೇಬಲ್ ಬೀಗದ ಒಳಗಿರುವುದು ಹೆಣೆದ ತೆಳು ತಂತಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಅದನ್ನು ದಪ್ಪವಾಗಿ ತೋರಿಸುತ್ತದೆ, ಅಷ್ಟೆ. ಅಂಗಿಯೊಳಗೆ ಬಚ್ಚಿಟ್ಟುಕೊಳ್ಳಬಹುದಾದ ಕಟ್ಟರ್ ಅದನ್ನು ಕೆಲವೇ ಸೆಕೆಂಡುಗಳಲ್ಲಿ ತುಂಡರಿಸುತ್ತದೆ. ಅಂಕಿ ತಿರುಗಿಸುವ ಅಗ್ಗದ ಬೀಗಗಳನ್ನಂತೂ ಕತ್ತರಿಸುವ ಅಗತ್ಯವೂ ಇಲ್ಲ, ಎಳೆದು ಹಿಡಿದು ಅಂಕಿಗಳನ್ನು ತಿರುಗಿಸುತ್ತ ಹೋದರೆ ಬೆರಳಿಗೇ ಗುಟ್ಟು ತಿಳಿಯುತ್ತದೆ.

ಹದಗೊಳಿಸಿದ ಉಕ್ಕಿನ ಯು-ಲಾಕ್, ಅಂದರೆ U ಆಕಾರದ ಸರಳಿನ ಬೀಗ ಕೊಳ್ಳಿ. ಅದರ ಸರಳು 13 ಅಥವಾ 14 ಮಿಲಿಮೀಟರ್ ದಪ್ಪವಿದ್ದರೆ ಸಾಮಾನ್ಯ ಕೈ ಕಟ್ಟರಿಗೆ ಬಗ್ಗುವುದಿಲ್ಲ. ಲೋಹ ಕತ್ತರಿಸುವ ಯಂತ್ರವಾದ ಆಂಗಲ್ ಗ್ರೈಂಡರಿಗೆ ಬಗ್ಗುತ್ತದೆ, ಆದರೆ ಜನ ತುಂಬಿದ ಮಾರುಕಟ್ಟೆಯಲ್ಲಿ ಅದರ ಸದ್ದು ಮತ್ತು ಕಿಡಿ ಯಾರ ಗಮನಕ್ಕೂ ಬಾರದೆ ಇರಲಾರದು. ಬೀಗ ಎಷ್ಟು ಗಟ್ಟಿಯಿದ್ದರೂ ಅದನ್ನು ಮುಂದಿನ ಚಕ್ರಕ್ಕೆ ಮಾತ್ರ ಹಾಕಿದರೆ, ಕಳ್ಳನು ಆ ಚಕ್ರವನ್ನು ಕಂಬಕ್ಕೇ ಬಿಟ್ಟು ಉಳಿದದ್ದನ್ನು ಹೊತ್ತೊಯ್ಯುತ್ತಾನೆ. ಸೀಟಿನ ಕೆಳಗಿನ ಕೊಳವೆ ಮತ್ತು ಹಿಂದಿನ ಚಕ್ರದ ರಿಮ್ಮು ಎರಡನ್ನೂ ಒಳಗೊಂಡಂತೆ ಸ್ಥಿರವಾದ ಕಂಬಿಗೆ ಬೀಗ ಹಾಕಿ. ಹಿಂದಿನ ಚಕ್ರವೇ ಏಕೆಂದರೆ ಗೇರಿನ ಹಿಂದಿನ ಹಲ್ಲುಚಕ್ರಗಳು ಅದರಲ್ಲಿರುವುದರಿಂದ ಅದರ ಬೆಲೆ ಹೆಚ್ಚು. ಬೀಗದೊಳಗೆ ಖಾಲಿ ಜಾಗ ಎಷ್ಟು ಕಡಿಮೆ ಉಳಿಯುತ್ತದೋ ಅಷ್ಟು ಒಳ್ಳೆಯದು, ಸಲಾಕೆ ತೂರಿಸಿ ಮೀಟಲು ಎಡೆ ಸಿಗುವುದಿಲ್ಲ. ಬೀಗ ನೆಲಕ್ಕೆ ತಾಗುವಂತಿರಬಾರದು. ಕಟ್ಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಲು ಅದರಿಂದ ಅನುಕೂಲವಾಗುತ್ತದೆ.

ವಿದ್ಯಾನಗರದ ಸವಾರೆ

ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಆದರೆ ನಮ್ಮ ಪೇಟೆಯಲ್ಲಿ ಹೆಚ್ಚಾಗಿ ಸಿಗುವುದು ಸಿಮೆಂಟಿನ ವಿದ್ಯುತ್ ಕಂಬ ಅಥವಾ ಮರ. ಯು-ಲಾಕ್ ಅವುಗಳನ್ನು ಸುತ್ತಿ ಬರುವುದಿಲ್ಲವಲ್ಲ?

ಉತ್ತರ 2 – ಚೈನು ಎಣ್ಣೆ

ನಾನು ಹಲವು ವರ್ಷಗಳಿಂದ ಸೈಕಲ್ ರಿಪೇರಿ ಮಾಡುತ್ತಿರುವವನು. ನಿಮ್ಮ ಮಾತು ಸರಿ, ಸುತ್ತಿ ಬರುವುದಿಲ್ಲ. ಅಂಥ ಕಡೆಗೆ 10 ಮಿಲಿಮೀಟರ್ ಅಥವಾ ಅದಕ್ಕೂ ದಪ್ಪನೆಯ ಹದಗೊಳಿಸಿದ ಸರಪಳಿ ಬೇಕು. ಒಂದು ಮೀಟರ್ ಉದ್ದದ್ದು ಎರಡು ಕಿಲೋಗೂ ಮಿಗಿಲು ತೂಗುವುದರಿಂದ ದಿನವೂ ಹೊರುವುದು ಕಷ್ಟ. ಅದನ್ನು ಕಚೇರಿಯ ಕಂಬಿಯಲ್ಲೇ ಬಿಟ್ಟು, ಯು-ಲಾಕನ್ನು ಮಾತ್ರ ಜೊತೆಗೆ ಒಯ್ಯಬಹುದು. ವಿದ್ಯುತ್ ಕಂಬಕ್ಕೆ ಮಾತ್ರ, ಅದರಲ್ಲೂ ಮಳೆಗಾಲದಲ್ಲಿ, ಯಾವ ಬೀಗದಿಂದಲೂ ಸೈಕಲ್ ಕಟ್ಟಬೇಡಿ. ವಿದ್ಯುತ್ ಸೋರಿದರೆ ಒದ್ದೆ ಕಬ್ಬಿಣವನ್ನು ಮುಟ್ಟುವವರು ನೀವೇ. ಫಲಕದ ಕಂಬಿ ಸಿಕ್ಕರೆ ಮೊದಲು ಅಲ್ಲಾಡಿಸಿ ನೋಡಿ, ಮೇಲ್ತುದಿಯಲ್ಲಿ ಫಲಕವಿದೆಯೇ ಎಂದೂ ನೋಡಿ. ಬೋಳು ಕಂಬಿಯಾದರೆ ಸೈಕಲ್ಲನ್ನು ಮೇಲಕ್ಕೆತ್ತಿ ಬಿಡಿಸಿಕೊಳ್ಳುತ್ತಾರೆ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಕಟ್ಟುವ ಬೊಂಬಿನ ತಡೆಗಳಿಗಂತೂ ಬೇಡವೇ ಬೇಡ.

ಹೊಸ ಗೇರ್ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೂ ಸೀಟಿಗೂ ಹಲವು ಸಲ ಕ್ವಿಕ್ ರಿಲೀಸ್ ಎಂಬ ಹಿಡಿಯಿರುವ ತಿರುಪು ಇರುತ್ತದೆ, ಕೈಯಿಂದಲೇ ಬಿಚ್ಚಿ ಬರುತ್ತದೆ. ಕೊಂಡ ದಿನವೇ ಅದನ್ನು ತೆಗೆಸಿ, ಅಲೆನ್ ಕೀ ಅಥವಾ ಪಾನಾ ಬೇಕಾಗುವಂಥದ್ದನ್ನು ಹಾಕಿಸಿ.

ಇನ್ನು ನಮ್ಮ ಮಳೆ. ಜೂನ್‌ನಲ್ಲಿ ನೆನೆದ ಬೀಗ ಆಗಸ್ಟ್ ಹೊತ್ತಿಗೆ ಕಚ್ಚಿಕೊಂಡು, ಬೀಗದ ಕೈ ಒಳಗೇ ಮುರಿದದ್ದನ್ನು ನಾನು ಅನೇಕ ಬಾರಿ ನೋಡಿದ್ದೇನೆ. ಬೀಗ ಹಾಕುವಾಗ ತೂತು ಕೆಳಮುಖವಾಗಿರಲಿ, ತಿಂಗಳಿಗೊಮ್ಮೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಬಿಡಬೇಡಿ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಎಣ್ಣೆ, ಪುಷ್ಯದ ಚಳಿಯಲ್ಲಿ ಬೀಗದೊಳಗೆ ಮೇಣವಾಗಿ ಕೂರುತ್ತದೆ.

ಉತ್ತರ 3 – ಸಂತೆಪೇಟೆಯ ಓದುಗ

ಏನೂ ಸಿಗದ ಕಡೆ ನಾನು ಖಾಯಂ ಅಂಗಡಿಯವರನ್ನು ಕೇಳಿ, ಅವರ ಶಟರಿನ ಎದುರಿಗೆ, ಗಲ್ಲಾಪೆಟ್ಟಿಗೆಯಿಂದ ಕಾಣುವಂತೆ ನಿಲ್ಲಿಸುತ್ತೇನೆ. ಹಿಂದಿನ ಚಕ್ರದ ಕಡ್ಡಿಗಳ ನಡುವೆ ಹಾಯುವ ಉಂಗುರ ಬೀಗವನ್ನು ಎರಡು ನಿಮಿಷಕ್ಕೂ ಹಾಕುತ್ತೇನೆ. ಹತ್ತಿ ಓಡಿಸಿಕೊಂಡು ಹೋಗುವುದನ್ನಷ್ಟೇ ಅದು ತಡೆಯುತ್ತದೆ, ಎತ್ತಿಕೊಂಡು ಹೋಗುವುದನ್ನಲ್ಲ. ಆದ್ದರಿಂದ ಕಣ್ಣಳತೆಯಲ್ಲಿರುವಾಗ ಮಾತ್ರ ಸಾಕು.

ಉತ್ತರ 4 – ಕಾಗದಪತ್ರ

ದೂರಿನ ವಿಷಯ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಫ್ರೇಮಿನ ಸಂಖ್ಯೆ ಸಾಮಾನ್ಯವಾಗಿ ಪೆಡಲುಗಳ ನಡುವಿನ ಅಡ್ಡ ಕೊಳವೆಯ ಅಡಿಯಲ್ಲಿ ಅಚ್ಚಾಗಿರುತ್ತದೆ. ಸೈಕಲ್ಲನ್ನು ಮಗುಚಿ ಅದರ ಫೋಟೋ ತೆಗೆಯಿರಿ, ಅಂಗಡಿಯವರಿಂದ ಬಿಲ್ಲಿನ ಮೇಲೂ ಅದೇ ಸಂಖ್ಯೆ ಬರೆಸಿಕೊಳ್ಳಿ. ಬಿಲ್ಲಿಗೆ ಇನ್ನೊಂದು ಮಹತ್ವವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನದ ಶಿಕ್ಷೆ 303(2)ನೇ ಕಲಮಿನಲ್ಲಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಅಸಂಜ್ಞೇಯ ಅಪರಾಧವಾಗಿ, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ನಿಮ್ಮ ಸೈಕಲ್ಲಿನ ಬೆಲೆ ಅದಕ್ಕಿಂತ ಹೆಚ್ಚು ಎಂದು ತೋರಿಸುವ ಕಾಗದ ನಿಮ್ಮ ಕೈಯಲ್ಲಿರಬೇಕು. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಹಳೆಯ ಸೈಕಲ್ಲಿನ ಬಿಲ್ಲು ನಿಮ್ಮಲ್ಲಿಲ್ಲದಿದ್ದರೂ ಮಾರಿದ ಅಂಗಡಿಯ ಪುಸ್ತಕದಲ್ಲಿ ಸಂಖ್ಯೆ ಉಳಿದಿರಬಹುದು, ಒಮ್ಮೆ ವಿಚಾರಿಸಿ.

ವಿದ್ಯಾನಗರದ ಸವಾರೆ

ನಿನ್ನೆ ಅಂಗಡಿಗೆ ಹೋಗಿದ್ದೆ. ಹಳೆಯ ಬಿಲ್ಲಿನ ಪುಸ್ತಕ ಹುಡುಕಿ, ಕಳುವಾದ ಸೈಕಲ್ಲಿನ ಸಂಖ್ಯೆಯನ್ನು ಬರೆದುಕೊಟ್ಟರು. ನಾಳೆ ಬೆಳಿಗ್ಗೆ ಅದನ್ನು ಠಾಣೆಗೆ ಕೊಟ್ಟು, ಆಮೇಲೆ ಯು-ಲಾಕ್ ಕೊಳ್ಳಲು ಹೋಗುತ್ತೇನೆ.